ಸಾಹೇಬರ ಕಾಲಿಗೆ ಬೂಟು, ನಾಯಿ ಕಾಲಿಗೆ ಡಾಂಬರು!

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಕಚೇರಿಗಳ ಗಡಿಯಾರವೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಬೀಗ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ ಬಾಗಲಕೋಟೆಗಳಿಗೆ ಸರಕಾರ ಈ ರಿಯಾಯಿತಿ ಕೊಡುವುದು ಬಹಳ ವರ್ಷಗಳ ವಾಡಿಕೆ. ಈ ಸೀಮೆಯ ಬಿಸಿಲು ಮನುಷ್ಯ ತಡೆಯುವಂಥದ್ದಲ್ಲ ಎಂದು ಬೆಂಗಳೂರಿನಲ್ಲಿ ಕೂತವರೂ ಒಪ್ಪಿಕೊಂಡ ಹಾಗಾಯಿತು. ಸಂತೋಷ.

ಇನ್ನು ಮುಂದಿನದು ನೋಡಿ. ಒಂದೂವರೆಗೆ ಮನೆ ಸೇರಿದ ಸಾಹೇಬರು ರೊಟ್ಟಿ ಪಲ್ಯ ಉಂಡು, ಮೇಲೊಂದು ಲೋಟ ಮಜ್ಜಿಗೆ ಕುಡಿದು, ಕೂಲರಿನ ಮುಂದೆ ಅಡ್ಡಾಗುತ್ತಾರೆ. ಎಚ್ಚರಾಗುವುದು ಐದಕ್ಕೆ. ಚಹಾ ಆಗುತ್ತದೆ. ಬಿಸಿಲು ಇಳಿಯಿತೆಂದು ಕಾಲಿಗೆ ಬೂಟು ಏರಿಸಿ, ನಾಯಿಯ ಕೊರಳಿಗೆ ಚೈನು ಸಿಕ್ಕಿಸಿ ವಾಯುವಿಹಾರಕ್ಕೆ ಹೊರಡುತ್ತಾರೆ. ನಾಯಿ ಗೇಟಿನ ತನಕ ಕುಣಿಯುತ್ತಾ ಬರುತ್ತದೆ. ರಸ್ತೆಗೆ ಇಳಿದ ಮೇಲೆ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತದೆ, ಒಂದು ಕಾಲು ಎತ್ತುತ್ತದೆ, ಇನ್ನೊಂದು ಎತ್ತುತ್ತದೆ, ಮನೆ ಕಡೆ ತಿರುಗುತ್ತದೆ. ಸಾಹೇಬರು ಚೈನು ಜಗ್ಗುತ್ತಾರೆ. ‘ಏ ನಡಿ, ಮೈಗಳ್ಳ!’

ಮೈಗಳ್ಳತನ ನಾಯಿಯದ್ದಲ್ಲ ಸ್ವಾಮಿ. ಅದಕ್ಕೆ ಕಾಲು ಸುಡುತ್ತಿದೆ.

ಬಿಸಿಲು ಇಳಿಯುವುದು ಬೇರೆ, ರಸ್ತೆ ಆರುವುದು ಬೇರೆ. ಊರಿನ ಬಹಳ ಮಂದಿಗೆ ಗೊತ್ತಿಲ್ಲದಿರುವುದು ಇದೇ. ಡಾಂಬರು ಕಪ್ಪಗಿರುವುದರಿಂದ ಬಿದ್ದ ಬಿಸಿಲನ್ನು ಹಿಂದಕ್ಕೆ ಕಳಿಸದೆ ನುಂಗುತ್ತದೆ. ಗಾಳಿಯ ಶಾಖ 40 ಡಿಗ್ರಿ ಇರುವ ದಿನ ಡಾಂಬರಿನ ಮೈ 60 ಡಿಗ್ರಿಯನ್ನೂ ದಾಟುತ್ತದೆ. ಬೆಳಗಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡ ಆ ಕಾವನ್ನು ಐದು ಗಂಟೆ ಹೊಡೆಯಿತೆಂದು ಅದು ತಟ್ಟನೆ ಕಕ್ಕಿಬಿಡುವುದಿಲ್ಲ. ಮೇಲೆ ತಂಗಾಳಿ ಬೀಸಿ ಸಾಹೇಬರ ಅಂಗಿ ಹಾರಾಡುವ ಹೊತ್ತಿಗೂ ಕೆಳಗೆ ರಸ್ತೆ ರೊಟ್ಟಿ ಹಂಚಿನ ಹಾಗೇ ಇರುತ್ತದೆ. ಒಲೆ ಆರಿಸಿದ ಮೇಲೂ ಹಂಚು ಎಷ್ಟು ಹೊತ್ತು ಸುಡುತ್ತದೆಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಹೇಳುತ್ತಾರೆ. ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ.

60 ಡಿಗ್ರಿ ಕಾವಿನ ವಸ್ತುವಿಗೆ ಒತ್ತಿ ಹಿಡಿದರೆ ಮನುಷ್ಯನ ಚರ್ಮ ಸುಡಲು ನಿಮಿಷಗಳು ಬೇಕಿಲ್ಲ, ಕೆಲವೇ ಸೆಕೆಂಡು ಸಾಕು. ನಾಯಿಯ ಅಂಗಾಲು ಅದಕ್ಕಿಂತ ಗಟ್ಟಿ, ನಿಜ. ಒಳಗೆ ಕೊಬ್ಬಿನ ಮೆತ್ತೆ, ಮೇಲೆ ದಪ್ಪ ತೊಗಲು. ಕಲ್ಲು ಮುಳ್ಳು ತಡೆಯಲು ದೇವರು ಮಾಡಿದ ಚಪ್ಪಲಿ ಅದು. ಆದರೆ ತೊಗಲು ತೊಗಲೇ, ಕಬ್ಬಿಣ ಅಲ್ಲ. ಅದೂ ಮನೆಯ ನೆಲದ ಮೇಲೆ ಮಲಗಿ ಬೆಳೆದ ನಾಯಿಯ ಅಂಗಾಲು ಬೀದಿ ನಾಯಿಯದರಷ್ಟು ಒರಟಾಗಿರುವುದಿಲ್ಲ. ಮರಿಗಳದಂತೂ ಕೂಸಿನ ಕೆನ್ನೆಯ ಹಾಗೆ.

ಬೇಸಿಗೆಯಲ್ಲಿ ಪಶು ದವಾಖಾನೆಯ ಕಟ್ಟೆಯ ಮೇಲೆ ಇಂಥ ಮಾತು ಕಿವಿಗೆ ಬೀಳುವುದು ಹೊಸತಲ್ಲ:

‘ಡಾಕ್ಟರ್ ಸಾಹೇಬ್ರ, ನಿನ್ನಿಯಿಂದ ಕುಂಟಲಕತ್ತದ ನೋಡ್ರಿ. ಏನರ ಮುಳ್ಳು ಚುಚ್ಚಿರಬೇಕು.’

‘ಮುಳ್ಳಲ್ರೀ ಅಣ್ಣಾರ. ನಾಲ್ಕೂ ಅಂಗಾಲು ಸುಟ್ಟಾವ. ಎಷ್ಟೊತ್ತಿಗಿ ಹೊರಗ ಒಯ್ತೀರಿ?’

‘ಬಿಸಲಾಗ ಎಲ್ಲಿ ಒಯ್ತೀವ್ರಿ? ಸಂಜಿಕ್ ಐದಕ್ಕ.’

‘ಐದಕ್ಕ ನೀವು ಬರಿಗಾಲಿಲೆ ಹೋಗ್ತೀರೇನು?’

ಅಣ್ಣಾರ ಬಳಿ ಇದಕ್ಕೆ ಉತ್ತರ ಇರುವುದಿಲ್ಲ. ನಾಯಿ ಸುಮ್ಮನೆ ಕಾಲು ನೆಕ್ಕಿಕೊಳ್ಳುತ್ತಾ ಕೂತಿರುತ್ತದೆ. ಆ ನೆಕ್ಕುವುದೇ ಮೊದಲ ಗುರುತು. ಅಂಗಾಲು ಕೆಂಪಗಾಗುವುದು ಅಥವಾ ಇದ್ದದ್ದಕ್ಕಿಂತ ಕಪ್ಪಾಗುವುದು, ಬೊಬ್ಬೆ ಏಳುವುದು, ಮೇಲಿನ ತೊಗಲು ಸಿಪ್ಪೆಯ ಹಾಗೆ ಕಿತ್ತು ಬರುವುದು, ಇವೆಲ್ಲ ಆಮೇಲಿನವು. ಬಾಯಿಲ್ಲದ ಪ್ರಾಣಿ, ಮುಳ್ಳು ಚುಚ್ಚಿತೋ ರಸ್ತೆ ಸುಟ್ಟಿತೋ ಬಾಯಿಬಿಟ್ಟು ಹೇಳುವುದಿಲ್ಲ. ಕಾಲೆತ್ತಿ ನೋಡುವ ಕೆಲಸ ಸಾಕಿದವನದು.

ಪರೀಕ್ಷೆ ಬಹಳ ಸುಲಭ. ಕಾಸಿನ ಖರ್ಚಿಲ್ಲ. ಹೊರಡುವ ಮುಂಚೆ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಹಿಡಿದು ನಿಧಾನಕ್ಕೆ ಒಂದರಿಂದ ಏಳರ ತನಕ ಎಣಿಸಬೇಕು. ಕೈ ಇಡಲಾಗದಿದ್ದರೆ ನಾಯಿಯ ಕಾಲೂ ಇಡುವಂತಿಲ್ಲ. ಅಷ್ಟೇ. ಎಣಿಸುವ ಮೊದಲೇ ‘ಯಪ್ಪಾ!’ ಎಂದು ಕೈ ಕಿತ್ತುಕೊಳ್ಳುವ ಸಂಜೆಗಳು ಈ ಊರಲ್ಲಿ ಮಾರ್ಚಿಯಿಂದ ಜೂನ್ ಮಳೆಯ ತನಕ ಬೇಕಾದಷ್ಟು ಸಿಗುತ್ತವೆ. ರಸ್ತೆ ನಿಜಕ್ಕೂ ತಣ್ಣಗಿರುವುದು ಸೂರ್ಯ ಹುಟ್ಟುವ ಮೊದಲು. ಬೆಳಗಿನ ಐದೂವರೆಯಿಂದ ಆರೂವರೆ ಒಳಗೆ ತಿರುಗಾಟ ಮುಗಿಸಿದರೆ ನಾಯಿಗೂ ಹಿತ, ಎಂಟಕ್ಕೆ ಕಚೇರಿ ಇರುವ ಸಾಹೇಬರಿಗೂ ಹಿತ. ರಾತ್ರಿ ಊಟವಾದ ಮೇಲೆ ಇನ್ನೊಂದು ಸುತ್ತು. ನಡುವೆ ಉಚ್ಚೆ ಹೊಯ್ಯಲು ಅಂಗಳದ ಮಣ್ಣು, ಬೇವಿನ ಮರದ ಬುಡ ಇದ್ದೇ ಇದೆ. ಸಂಜೆ ಐದರ ಮೆರವಣಿಗೆ ನಿಂತರೆ ನಷ್ಟವೇನಾದರೂ ಆಗುವುದು ಸಾಹೇಬರ ಡೌಲಿಗೆ ಮಾತ್ರ.

ಡಾಂಬರಿನ ಮಾತಾಯಿತು. ಸಿಮೆಂಟು ರಸ್ತೆ ಬಣ್ಣದಲ್ಲಿ ತಿಳಿ, ಆದ್ದರಿಂದ ಕಾವು ಒಂದಿಷ್ಟು ಕಮ್ಮಿ. ಆದರೆ ಕಲಬುರಗಿ ಬಿಸಿಲಿಗೆ ಅದೂ ತಣ್ಣಗಿರುವುದಿಲ್ಲ. ಇನ್ನು ಈ ಸೀಮೆಯ ಹೆಮ್ಮೆಯ ಶಹಾಬಾದ್ ಪರಸಿ. ನೆರಳಿದ್ದರೆ ಅದರ ಮೇಲೆ ಮೈ ಚೆಲ್ಲಿ ಮಲಗುವ ಸುಖ ಬೇರೆಲ್ಲೂ ಇಲ್ಲ, ಮನುಷ್ಯರಿಗಾಗಲಿ ನಾಯಿಗಾಗಲಿ. ಅದೇ ಪರಸಿ ಬಯಲು ಅಂಗಳದಲ್ಲಿದ್ದರೆ ಮಧ್ಯಾಹ್ನ ಕಾಲಿಡಲಾಗದು. ಮುಂಚೆ ಅಂಗಳವೆಂದರೆ ಮಣ್ಣು, ಸಗಣಿ ಸಾರಿಸಿದ ನೆಲ. ಈಗ ಗೇಟಿನಿಂದ ಬಾಗಿಲ ತನಕ ಕಲ್ಲೋ ಸಿಮೆಂಟೋ. ಒಂದು ಅಂಗೈ ಅಗಲ ಮಣ್ಣು ಬಿಟ್ಟಿದ್ದರೂ ನಾಯಿ ಅದನ್ನು ಕೆದರಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿತ್ತು.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಅದು ಮಾಳಿಗೆ ಮೇಲಿನ ನಾಯಿ. ಮನೆ ಕಾಯಲೆಂದು ತಂದ ನಾಯಿ, ಒಳಗೆ ಬಿಟ್ಟರೆ ಕೂದಲು ಉದುರುತ್ತದೆ, ಅಂಗಳದಲ್ಲಿ ಕಟ್ಟಿದರೆ ಬಂದವರ ಮೇಲೆ ಹಾರುತ್ತದೆ. ಹಾಗಾಗಿ ಮೇಲೆ ಒಯ್ದು ನೀರಿನ ಟ್ಯಾಂಕಿನ ಕಾಲಿಗೆ ಕಟ್ಟಿಹಾಕುವುದು! ಬೆಳಿಗ್ಗೆ ಕಟ್ಟುವಾಗ ಅಲ್ಲಿ ಟ್ಯಾಂಕಿನ ನೆರಳಿರುತ್ತದೆ. ಸೂರ್ಯ ಸರಿದ ಹಾಗೆ ನೆರಳೂ ಸರಿಯುತ್ತದೆ. ಚೈನು ಸರಿಯುವುದಿಲ್ಲ. ಹನ್ನೆರಡಕ್ಕೆ ನಾಯಿ ಒಂದು ಕಡೆ, ನೆರಳು ಒಂದು ಕಡೆ, ಮಗುಚಿ ಬಿದ್ದ ಖಾಲಿ ಡಬ್ಬಿ ಒಂದು ಕಡೆ. ಕೆಳಗೆ ಕೂಲರ್ ಸದ್ದಿನಲ್ಲಿ ಅದು ಬೊಗಳಿದ್ದು ಯಾರಿಗೂ ಕೇಳಿಸುವುದಿಲ್ಲ. ಕೇಳಿದರೂ ‘ಮಂಗ್ಯಾ ಬಂದಿರಬೇಕು’ ಎಂದು ಮಗ್ಗುಲು ಬದಲಿಸುತ್ತಾರೆ.

ಬೀದಿ ನಾಯಿ ಇದಕ್ಕಿಂತ ಎಷ್ಟೋ ವಾಸಿ. ಮಧ್ಯಾಹ್ನ ಎರಡಕ್ಕೆ ಸೂಪರ್ ಮಾರ್ಕೆಟ್ ಕಡೆಯೋ ಸ್ಟೇಷನ್ ರಸ್ತೆಯಲ್ಲೋ ಅದನ್ನು ಹುಡುಕಿ ನೋಡಿ. ರಸ್ತೆಯ ಮೇಲೆ ಒಂದೂ ಕಾಣುವುದಿಲ್ಲ. ತಳ್ಳುಗಾಡಿಯ ಕೆಳಗೆ, ನಿಂತ ಜೀಪಿನ ಕೆಳಗೆ, ಒಡೆದ ನಲ್ಲಿಯ ಕೆಸರಿನಲ್ಲಿ, ಗಟಾರದ ತೇವದಲ್ಲಿ ಮಲಗಿರುತ್ತವೆ. ಗಟಾರದಲ್ಲಿ ಮಲಗುವ ಹೊಲಸು ಪ್ರಾಣಿ ಎಂದು ಮೂಗು ಮುಚ್ಚುವವರಿಗೆ ಅದರ ಲೆಕ್ಕಾಚಾರ ತಿಳಿದಿಲ್ಲ. ಯಾವ ಹೊತ್ತಿಗೆ ಎಲ್ಲಿ ನೆರಳು ಎಂಬುದರ ಪಂಚಾಂಗ ಅದರ ತಲೆಯಲ್ಲಿದೆ. ಸಾಕಿದ ನಾಯಿಗೂ ಆ ಬುದ್ಧಿ ಇದೆ, ಕೊರಳಲ್ಲಿ ಚೈನು ಇದೆ. ತುದಿ ಸಾಹೇಬರ ಕೈಯಲ್ಲಿದೆ.

ಕಾನೂನು ಏನನ್ನುತ್ತದೆ? 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನಲ್ಲಿ ಎಲ್ಲ ಇದೆ. ಸಾಕಿದ ಪ್ರಾಣಿಗೆ ಸಾಕಷ್ಟು ನೀರು, ಅನ್ನ, ಆಸರೆ ಕೊಡದಿರುವುದು ಅಪರಾಧ. ಗಿಡ್ಡ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಅಪರಾಧ. ಇನ್ನು ಶಿಕ್ಷೆ ಕೇಳಿ: ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ರೂಪಾಯಿಗೆ ಕಡಿಮೆ ಇಲ್ಲದಂತೆ, ಐವತ್ತು ರೂಪಾಯಿ ಮೀರದಂತೆ ದಂಡ! ಆರು ದಶಕಗಳ ಹಿಂದೆ ಐವತ್ತು ರೂಪಾಯಿ ದೊಡ್ಡ ಮೊತ್ತ ಇದ್ದೀತು. ಇವತ್ತು ಅಷ್ಟಕ್ಕೆ ಆ ನಾಯಿಯ ಒಂದು ಹೊತ್ತಿನ ಬಿಸ್ಕೀಟೂ ಬರುವುದು ಕಷ್ಟ. ಹೀಗಿರುವಾಗ ಪೊಲೀಸರು ಮಾಳಿಗೆ ಹತ್ತಿ ಬರುತ್ತಾರೆಂದು ಕಾಯುವುದು ವ್ಯರ್ಥ. ಪಕ್ಕದ ಮನೆಯವರು ಮಾಳಿಗೆಯಿಂದ ಮಾಳಿಗೆಗೆ ಒಂದು ಮಾತು ಹೇಳುವುದೇ ಆದೀತು. ‘ಅಕ್ಕೋರ, ನಿಮ್ಮ ನಾಯಿಗಿ ನೆಳ್ಳಿಲ್ರಿ’ ಎಂದರೆ ಜಗಳವಾಗುವುದಿಲ್ಲ. ಆದರೂ ಆಗಲಿ.

ಸುಟ್ಟ ಅಂಗಾಲು ಹದಿನೈದು ದಿನಕ್ಕೋ ತಿಂಗಳಿಗೋ ಮಾಯಬಹುದು. ಬಿಸಿಲು ತಲೆಗೇರಿದರೆ ಮಾತ್ರ ಅಷ್ಟು ಹೊತ್ತು ಇರುವುದಿಲ್ಲ. ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ, ಬೆವರು ಆರಿ ಮೈ ತಣ್ಣಗಾಗುತ್ತದೆ. ನಾಯಿಗೆ ಹಾಗೆ ಬೆವರುವ ಜಾಗವೆಂದರೆ ಅಂಗಾಲು, ಅದೂ ಲೆಕ್ಕಕ್ಕಿಲ್ಲದಷ್ಟು. ನಾಲಿಗೆ ಚಾಚಿ ತೇಕುವುದೊಂದೇ ಅದರ ಕೂಲರ್. ನಾಯಿಯ ಮೈ ಶಾಖ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನಿಗಾದರೆ ಅದು ಜ್ವರ. ಅಲ್ಲಿಂದ 104 ದಾಟಿದರೆ ಅಪಾಯ, 106ಕ್ಕೆ ಹೋದರೆ ಒಳಗಿನ ಅಂಗಾಂಗಗಳು ಕೈಕೊಡುತ್ತವೆ. ಜೋರಾಗಿ ತೇಕುವುದು, ಬಾಯಿಂದ ಗೋಂದಿನ ಹಾಗೆ ಜೊಲ್ಲು ಇಳಿಯುವುದು, ವಸಡು ಕಡುಗೆಂಪಾಗುವುದು, ಅಮಲೇರಿದವನ ಹಾಗೆ ತೂರಾಡುವುದು, ವಾಂತಿ, ಕಡೆಗೆ ಬಿದ್ದುಬಿಡುವುದು. ತೂರಾಡುವುದನ್ನು ನೋಡಿ ‘ಹುಚ್ಚು ಹಿಡಿದದೆ’ ಎಂದು ಬಡಿಗೆ ಹುಡುಕುವವರು ಬೀದಿಗೊಬ್ಬರು ಇರುತ್ತಾರೆ. ಹತ್ತಿರ ಹೋಗುವಾಗ ಎಚ್ಚರ ಬೇಕು, ಸರಿ. ಆದರೆ ದೂರದಿಂದ ಒಂದು ಕೊಡ ನೀರು ಚೆಲ್ಲಲು ಅಡ್ಡಿಯೇನು?

ಮೂಗು ಚಪ್ಪಟೆ ಇರುವ ತಳಿಗಳಿಗೆ ಈ ಗಂಡಾಂತರ ಇನ್ನೂ ಹೆಚ್ಚು. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಬೆನ್ನು ಹತ್ತಿ ಓಡಾಡಿದ ಪಗ್ ನಾಯಿಯನ್ನು ನೋಡಿ ದೇಶವೇ ಮರುಳಾಯಿತು. ಮೂಗೇ ಇಲ್ಲದ ಆ ಪ್ರಾಣಿಗೆ ನೆರಳಲ್ಲೇ ಉಸಿರಾಟ ಕಷ್ಟ. ಇತ್ತೀಚೆಗೆ ಹಿಮದ ಮೇಲೆ ಬಂಡಿ ಎಳೆಯುವ ಹಸ್ಕಿಯೂ ಬಂದಿದೆ. ಅದರ ಮೈಮೇಲೆ ಎರಡು ಪದರ ಉಣ್ಣೆ. ಪಾಪ, ಏಪ್ರಿಲ್ ತಿಂಗಳು ಕಂಬಳಿ ಹೊದ್ದು ಓಡಾಡಿದ ಹಾಗೆ. ನಾಯಿ ಬೇಕೆನ್ನುವವರಿಗೆ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲೇ ಮುಧೋಳ ತಳಿ ಇದೆ. ತೆಳು ಕೂದಲು, ಒಣಕಲು ಮೈ, ಉದ್ದ ಮೂಗು, ಈ ಹವೆಗೆ ಹೇಳಿ ಮಾಡಿಸಿದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪನ್ನೇ ತಂದಿತು. ಹಿತ್ತಲ ಗಿಡ ಮದ್ದಲ್ಲ, ಏನು ಮಾಡುವುದು! ಆದರೆ ಒಂದು ಮಾತು: ಮುಧೋಳ ನಾಯಿ ಓಡಿ ಬೆಳೆದದ್ದು ಹೊಲದ ಮಣ್ಣಿನ ಮೇಲೆ. ಬಿಸಿಲಿಗೆ ಒಗ್ಗಿದ ತಳಿ ಎಂದು ಅದನ್ನು ಮಧ್ಯಾಹ್ನ ಡಾಂಬರಿನ ಮೇಲೆ ಓಡಿಸಿದರೆ ಅದರ ಕಾಲೂ ಸುಡುತ್ತದೆ.

ಕಾರಿನಲ್ಲಿ ಬಿಟ್ಟು ಹೋಗುವವರ ಸುದ್ದಿ ಇಲ್ಲಿ ಬೇಡವೆಂದರೂ ಬಿಡುವಂತಿಲ್ಲ. ‘ಎರಡ ಮಿನಿಟ್ ಬಟ್ಟಿ ಅಂಗಡಿಗಿ ಹೋಗಿ ಬರ್ತೀವಿ’ ಎಂದು ಕಿಟಕಿ ನಾಲ್ಕು ಬೆರಳು ಇಳಿಸಿ ಹೋಗುತ್ತಾರೆ. ಬಟ್ಟೆ ಅಂಗಡಿಯ ಎರಡು ಮಿನಿಟು ಎಂದರೆ ಎಷ್ಟೆಂದು ಸಂಸಾರಸ್ಥರಿಗೆ ಗೊತ್ತು. ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಹತ್ತು ಡಿಗ್ರಿಯಷ್ಟು ಶಾಖ ಏರುತ್ತದೆ. ನಾಲ್ಕು ಬೆರಳ ಸಂದಿಯಿಂದ ಏನೂ ಆಗುವುದಿಲ್ಲ. ನಾಯಿಯನ್ನು ಮನೆಯಲ್ಲಿ ಬಿಟ್ಟು ಬನ್ನಿ.

ಅಷ್ಟಾಗಿಯೂ ಕಾಲು ಸುಟ್ಟಿತು ಎನ್ನಿ. ಮೊದಲು ಎತ್ತಿಕೊಂಡು ನೆರಳಿಗೆ ತರಬೇಕು, ನಡೆಸಿಕೊಂಡು ತರಬಾರದು. ಅಂಗಾಲಿನ ಮೇಲೆ ತಣ್ಣೀರು ಹತ್ತು ಹದಿನೈದು ನಿಮಿಷ ಬಿಡಬೇಕು. ತಣ್ಣೀರೆಂದು ನಲ್ಲಿ ತಿರುವುವ ಮುಂಚೆ ಮಾತ್ರ ಬೆರಳಿಟ್ಟು ನೋಡಿ. ಈ ಊರಲ್ಲಿ ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಟ್ಯಾಂಕಿನಿಂದ ಬರುವುದು ಸ್ನಾನದ ನೀರು. ಹರವಿಯ ನೀರು ಒಳ್ಳೆಯದು. ಬರ್ಫ ಬೇಡ, ಅದು ಸುಟ್ಟ ತೊಗಲನ್ನು ಇನ್ನಷ್ಟು ಕೆಡಿಸುತ್ತದೆ. ಅರಿಶಿನ, ಎಣ್ಣೆ, ಹಲ್ಲುಜ್ಜುವ ಪೇಸ್ಟು ಬಳಿಯುವ ಮನೆವೈದ್ಯ ಬೇಡವೇ ಬೇಡ. ಬೊಬ್ಬೆ ಒಡೆಯಬಾರದು. ನೆಕ್ಕದಂತೆ ಶುದ್ಧ ಅರಿವೆ ಸಡಿಲವಾಗಿ ಸುತ್ತಿ ಡಾಕ್ಟರ ಹತ್ತಿರ ಒಯ್ಯಬೇಕು. ಮನೆಯಲ್ಲಿದ್ದ ನೋವಿನ ಗುಳಿಗೆ ಅರ್ಧ ಮುರಿದು ಹಾಕುವ ಚಟ ಬಹಳ ಮಂದಿಗಿದೆ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಲಿವರು, ಹೊಟ್ಟೆ, ಕಿಡ್ನಿಗಳನ್ನು ಕೆಡಿಸಬಲ್ಲವು. ಪ್ರೀತಿಯಿಂದ ಕೊಟ್ಟರೂ ವಿಷ ವಿಷವೇ.

ಬಿಸಿಲು ಬಡಿದು ಬಿದ್ದ ನಾಯಿಗೆ ದವಾಖಾನೆಗೆ ಆಟೋ ಹುಡುಕುವ ಮೊದಲು ನೀರು ಹೊಯ್ಯಬೇಕು. ಮೈ ತೋಯಿಸಿ ಗಾಳಿ ಬೀಸಿ, ಆಮೇಲೆ ಒಯ್ಯಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಕಾವು ಒಳಗೇ ಉಳಿಯುತ್ತದೆ. ಎಚ್ಚರ ತಪ್ಪಿದ್ದಾಗ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಯಿಗೆ ಹಾಕುವ ಬೂಟು ಈಗ ಪೇಟೆಯಲ್ಲಿ ಸಿಗುತ್ತದೆ, ತುರ್ತಿಗೆ ಆದೀತು. ಮನೆಗೆ ಬಂದೊಡನೆ ಬಿಚ್ಚಬೇಕು, ಇಲ್ಲವಾದರೆ ಒಳಗೇ ಬೇಯುತ್ತದೆ. ಬೂಟು ಇದೆಯೆಂದು ಎರಡು ಗಂಟೆಯ ಬಿಸಿಲಿಗೆ ಒಯ್ದರೆ ಕಾಲು ಉಳಿದೀತು, ನಾಯಿ ಉಳಿಯದು.

‘ಮನಷ್ಯಾರಿಗೇ ಕುಡಿಲಾಕ ನೀರಿಲ್ಲ, ಇವರಿಗಿ ನಾಯಿ ಚಿಂತಿ!’ ಎನ್ನುವವರು ಇದ್ದಾರೆ. ಸುಮ್ಮನೆ ತಳ್ಳಿಹಾಕುವ ಮಾತಲ್ಲ. ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿಗೆ ಕೊಡ ಹಚ್ಚಿ ಕಾದವರಿಗೆ ಹಾಗನ್ನಿಸುವುದು ಸಹಜ. ನಾಯಿ ಕಡಿತವೂ ಸುಳ್ಳಲ್ಲ. ಶಾಲೆಗೆ ಹೋಗುವ ಕೂಸನ್ನು ಬೀದಿ ನಾಯಿ ಅಟ್ಟಿಸಿಕೊಂಡು ಬಂದ ಮನೆಯವರಿಗೆ ದಯೆಯ ಪಾಠ ಹೇಳುವುದು ಯಾರಿಗೂ ಶೋಭೆಯಲ್ಲ. ಆದರೆ ಒಂದು ಬಾನಿ ನೀರಿಗೆ ಊರಿನ ನೀರು ತೀರುವುದಿಲ್ಲ. ನೀರಿಲ್ಲದೆ ನೆರಳಿಲ್ಲದೆ ಕಂಗಾಲಾದ ನಾಯಿ ಹೆಚ್ಚು ಸಾಧುವಾಗುತ್ತದೆಂದು ಯಾರೂ ಹೇಳಲಾರರು. ಬೇಸಿಗೆ ಬಂತೆಂದರೆ ದಾರಿಹೋಕರಿಗೆ ಅರವಟ್ಟಿಗೆ ಇಡುವ ರೂಢಿ ಈ ಸೀಮೆಯಲ್ಲಿದೆ. ಹಳ್ಳಿಯ ಬಾವಿಗಳ ಪಕ್ಕ ದನ ಕುಡಿಯಲೆಂದು ಕಲ್ಲಿನ ದೋಣಿ ಇರುತ್ತಿತ್ತು, ಅದರಲ್ಲೇ ನಾಯಿಯೂ ಕುಡಿಯುತ್ತಿತ್ತು, ಕಾಗೆಯೂ ಕುಡಿಯುತ್ತಿತ್ತು. ಯಾರೂ ಸಭೆ ಕರೆದು ಠರಾವು ಮಾಡಿರಲಿಲ್ಲ.

ಈಗ ಠರಾವಿನ ಕಾಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಶಸ್ತ್ರಚಿಕಿತ್ಸೆ, ಹುಚ್ಚುನಾಯಿ ರೋಗದ ಚುಚ್ಚುಮದ್ದು ಮಾಡಿಸುವ ಹೊಣೆ ಸ್ಥಳೀಯ ಸಂಸ್ಥೆಗಳದು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಕಂಡ ಕಂಡಲ್ಲಿ ನಾಯಿಗೆ ಅನ್ನ ಹಾಕುವಂತಿಲ್ಲ, ವಾರ್ಡು ವಾರ್ಡಿಗೆ ಅದಕ್ಕೆಂದೇ ಜಾಗ ಗುರುತಿಸಬೇಕು ಎಂದಿತು. ಜಾಗ ಎಂದರೆ ಬೋರ್ಡು ನೆಟ್ಟ ಬಯಲಲ್ಲ. ಬಟಾಬಯಲಿನ ಸಿಮೆಂಟಿನ ಮೇಲೆ ಅನ್ನ ಹಾಕಿದರೆ ಮಧ್ಯಾಹ್ನ ಯಾವ ನಾಯಿಯೂ ಅಲ್ಲಿಗೆ ಬರುವುದಿಲ್ಲ. ಹಳೆಯ ಹೋಟೆಲಿನ ಹಿಂಬದಿಗೇ ಹೋಗುತ್ತದೆ, ಜನ ಮತ್ತೆ ಬೈಯುತ್ತಾರೆ. ಅಲ್ಲಿ ಒಂದು ಬೇವೋ ಹೊಂಗೆಯೋ ಇರಬೇಕು. ಗಿಡ ಬೆಳೆಯುವ ತನಕ ನಾಲ್ಕು ಗಳ ನೆಟ್ಟು ಹೆಣೆದ ಗರಿಯ ಚಪ್ಪರವಾದರೂ ಸಾಕು, ತಗಡು ಬೇಡ. ಕಾಲ ಕೆಳಗೆ ಮಣ್ಣು ಇರಬೇಕು. ಶಾಲೆ ಗೇಟು, ದವಾಖಾನೆ ಬಾಗಿಲು, ಇಕ್ಕಟ್ಟಿನ ಓಣಿ ಬಿಟ್ಟು ಬದಿಗಿರಬೇಕು.

ನೀರಿನ ತೊಟ್ಟಿ ಮಣ್ಣಿನದೋ ಸಿಮೆಂಟಿನದೋ ಆಗಲಿ. ಪ್ಲಾಸ್ಟಿಕ್ ಟಬ್ಬಿನ ನೀರು ಹನ್ನೊಂದಕ್ಕೇ ಕಾಯುತ್ತದೆ, ಟಬ್ಬೂ ಸಂಜೆಯೊಳಗೆ ಮಾಯವಾಗುತ್ತದೆ. ತೊಟ್ಟಿ ಗಿಡ್ಡಗಿರಲಿ, ಮರಿ ಬಿದ್ದರೆ ಎದ್ದು ಬರುವಂತಿರಲಿ. ಮತ್ತೆ, ಇಟ್ಟ ಮೇಲೆ ಮರೆಯುವಂತಿಲ್ಲ. ದಿನಾ ನೀರು ಚೆಲ್ಲಿ ತಿಕ್ಕಿ ತುಂಬದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ, ನಾಯಿಗೆ ಪುಣ್ಯ ಮಾಡಲು ಹೋಗಿ ಓಣಿಗೆ ಡೆಂಗಿ ತಂದ ಹಾಗಾಗುತ್ತದೆ. ಉದ್ಘಾಟನೆಯ ದಿನ ಫೋಟೋ ಹೊಡೆಸಿಕೊಳ್ಳುವವರು ಹತ್ತು ಮಂದಿ ಸಿಗುತ್ತಾರೆ. ಹನ್ನೊಂದನೆಯ ದಿನ ತೊಟ್ಟಿ ತಿಕ್ಕುವವರು ಯಾರೆಂದು ಮೊದಲೇ ಹೆಸರು ಬರೆದಿಡುವುದು ಲೇಸು. ಪಕ್ಕದ ಚಹಾದಂಗಡಿಯವರೋ ಓಣಿಯ ಹುಡುಗರೋ ಒಪ್ಪಿಕೊಂಡರೆ ಆಯಿತು, ಅವರಿಗೆ ನೀರೊಂದು ಸಿಗುವ ವ್ಯವಸ್ಥೆ ಪಾಲಿಕೆ ಮಾಡಲಿ. ಅದೇ ನೆರಳಿನಲ್ಲಿ ಬರಿಗಾಲಲ್ಲಿ ಚಿಂದಿ ಆಯುವ ಹುಡುಗನೂ ಒಂದು ಗಳಿಗೆ ನಿಂತರೆ ಯಾರೂ ಬೇಡವೆನ್ನಲಾರರು.

ಜಾಗ ನೋಡಲು ಬರುವ ಅಧಿಕಾರಿಗಳಲ್ಲಿ ಒಂದೇ ಅರಿಕೆ. ಬೆಳಿಗ್ಗೆ ಏಳಕ್ಕೆ ಬರಬೇಡಿ, ಆ ಹೊತ್ತಿನಲ್ಲಿ ಊರೆಲ್ಲ ನೆರಳೇ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕೆ ಬನ್ನಿ, ಜೀಪಿನಿಂದ ಇಳಿದು ರಸ್ತೆಗೆ ಕೈ ಒತ್ತಿ ಏಳರ ತನಕ ಎಣಿಸಿ. ಕಚೇರಿ ಒಂದೂವರೆಗೇ ಮುಗಿದಿರುತ್ತದೆ, ಪುರುಸೊತ್ತಿಗೆ ಕೊರತೆಯಿಲ್ಲ.